ವೃತ್ತಿಪರ ಜಿಯು ಜಿಟ್ಸು ಸ್ಪರ್ಧಿಗೆ ಭಾರದ ತರಬೇತಿ: ಎಷ್ಟು, ಯಾವಾಗ, ಯಾವುದಕ್ಕಾಗಿ?

ಅರ್ಧಗಾರ್ಡ್

ಎಲ್ಲರಿಗೂ ನಮಸ್ಕಾರ. ನಾನು ಕಂದು ಬೆಲ್ಟಿನ ಸ್ಪರ್ಧಿ. ಈಚೆಗೆ ಬೇರೆ ಕೆಲಸ ಬಿಟ್ಟು ಸ್ಪರ್ಧೆಯನ್ನೇ ವೃತ್ತಿಯಾಗಿ ಮಾಡಿಕೊಂಡಿದ್ದೇನೆ. ವಾರದ ಬಹುಪಾಲು ದಿನ ಬೆಳಿಗ್ಗೆ ತಂತ್ರಗಳ ಡ್ರಿಲ್, ಸಂಜೆ ಸ್ಪಾರಿಂಗ್ (ಜೊತೆಗಾರನೊಡನೆ ಅಭ್ಯಾಸದ ಸೆಣಸು) ಇರುತ್ತದೆ. ಭಾರ ಎತ್ತುವುದಕ್ಕೆ ನಮ್ಮ ಕೋಚ್ ಅವರ ವಿರೋಧವೇನೂ ಇಲ್ಲ, ಆದರೆ ಯಾವಾಗ ಎಂದು ಕೇಳಿದರೆ ಬಿಡುವು ಸಿಕ್ಕಾಗ ಎನ್ನುತ್ತಾರೆ. ತೊಡಕು ಇರುವುದು ಅಲ್ಲಿಯೇ. ಸ್ಕ್ವಾಟ್ ಮಾಡಿದ ಮರುದಿನ ತೊಡೆಗಳು ಬಿಗಿದುಕೊಂಡು, ಗಾರ್ಡ್ (ಕೆಳಗಿರುವವನು ಕಾಲುಗಳಿಂದ ಎದುರಾಳಿಯನ್ನು ತಡೆದಿಡುವ ಸ್ಥಿತಿ) ದಾಟಲು ಬರುವ ಎದುರಾಳಿಯ ಮುಂದೆ ಮೊಣಕಾಲನ್ನು ಸಕಾಲಕ್ಕೆ ಒಳಗೆ ತರಲು ಆಗುವುದಿಲ್ಲ. ಜಿಮ್ ಬಿಟ್ಟಾಗ ಚುರುಕೇನೋ ಇರುತ್ತದೆ, ಆದರೆ ನನ್ನದೇ ತೂಕದವನು ಅರ್ಧ ಗಾರ್ಡ್‌ನಲ್ಲಿ (ಅವನ ಒಂದು ಕಾಲು ಮಾತ್ರ ನನ್ನ ಕಾಲುಗಳ ನಡುವೆ ಸಿಕ್ಕಿರುವಾಗ) ಎದೆ ಅದುಮಿ ಕೂತರೆ ಅವನನ್ನು ಸರಿಸಿ ಜಾಗ ಮಾಡಿಕೊಳ್ಳುವ ಶಕ್ತಿ ಸಾಲುವುದಿಲ್ಲ. ಎರಡೂ ಹೊತ್ತು ಮ್ಯಾಟಿನ ಮೇಲಿರುವವರು ಭಾರದ ತರಬೇತಿಯನ್ನು ಹೇಗೆ ಹೊಂದಿಸಿಕೊಂಡಿದ್ದೀರಿ ಎಂಬುದನ್ನು ಸ್ವಲ್ಪ ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಬಾರ್ಬೆಲ್_ಮಾಸ್ತರ

ಅರ್ಧಗಾರ್ಡ್ ಅವರೇ, ಕುಸ್ತಿ ಮತ್ತು ಜಿಯು ಜಿಟ್ಸು ಸ್ಪರ್ಧಿಗಳಿಗೆ ಬಲವರ್ಧನೆಯ ತರಬೇತಿ ಕೊಡುವುದು ನನ್ನ ಕೆಲಸ. ಮ್ಯಾಟಿನ ಮೇಲೆ ನಿಮಗೆ ಈಗಾಗಲೇ ಏನು ಸಿಗುತ್ತಿದೆ, ಏನು ಸಿಗುತ್ತಿಲ್ಲ ಎಂಬುದನ್ನು ಮೊದಲು ನೋಡೋಣ, ಏಕೆಂದರೆ ಸಿಗದೆ ಇರುವುದನ್ನು ಮಾತ್ರ ಜಿಮ್‌ನಿಂದ ತರಬೇಕು.

ಐಬಿಜೆಜೆಎಫ್ (ಅಂತರರಾಷ್ಟ್ರೀಯ ಬ್ರೆಜಿಲಿಯನ್ ಜಿಯು ಜಿಟ್ಸು ಒಕ್ಕೂಟ) ನಿಯಮದಂತೆ ವಯಸ್ಕರ ಕಂದು ಬೆಲ್ಟಿನ ಪಂದ್ಯ 8 ನಿಮಿಷ, ಕಪ್ಪು ಬೆಲ್ಟಿನದು 10 ನಿಮಿಷ. ಗಿ (ದಪ್ಪ ಬಟ್ಟೆಯ ಸ್ಪರ್ಧಾ ಉಡುಪು) ಇಲ್ಲದೆ ಆಡುವ ಎಡಿಸಿಸಿ ವಿಶ್ವ ಸ್ಪರ್ಧೆಯ ಫೈನಲ್ ಇನ್ನೂ ಹೆಚ್ಚು ಹೊತ್ತು ನಡೆಯುತ್ತದೆ. ಈ ಅವಧಿಯ ಬಹುಭಾಗ ಕಳೆಯುವುದು ಹಿಡಿತ ಬಿಡದೆ, ಹೆಚ್ಚು ಕದಲದೆ, ಒತ್ತುವ ಮತ್ತು ಎಳೆಯುವ ಕೆಲಸದಲ್ಲಿ. ನಡುನಡುವೆ ಕೆಲವೇ ಸೆಕೆಂಡುಗಳ ಜೋರಾದ ಯತ್ನಗಳು ಬರುತ್ತವೆ: ಟೇಕ್‌ಡೌನ್‌ಗೆ ನುಗ್ಗಿ ಎದುರಾಳಿಯನ್ನು ಕೆಡವುವುದು, ಕೆಳಗಿನಿಂದ ಅವನನ್ನು ಉರುಳಿಸುವ ಸ್ವೀಪ್ ಮುಗಿಸುವುದು, ಎದುರಾಳಿ ಮೈಮೇಲೆ ಕೂತ ಮೌಂಟ್‌ನಡಿಯಿಂದ ಸೊಂಟ ಎತ್ತಿ ಪಾರಾಗುವುದು. ಪಂದ್ಯ ತೀರ್ಮಾನವಾಗುವುದು ಹೆಚ್ಚಾಗಿ ಇವುಗಳಲ್ಲಿ. ದಿನಕ್ಕೆ ಎರಡು ಹೊತ್ತು ಸ್ಪಾರಿಂಗ್ ಮತ್ತು ಡ್ರಿಲ್ ಮಾಡುವವರಿಗೆ ಮೊದಲ ಬಗೆಯ ಸಹನಶಕ್ತಿ ಮ್ಯಾಟಿನಲ್ಲೇ ಧಾರಾಳವಾಗಿ ಸಿಗುತ್ತದೆ. ಗರಿಷ್ಠ ಬಲವಾಗಲಿ, ಆ ಬಲವನ್ನು ಕ್ಷಣದಲ್ಲಿ ಹೊರತರುವ ಸಾಮರ್ಥ್ಯವಾಗಲಿ ಅಲ್ಲಿ ಬೆಳೆಯುವುದು ಕಡಿಮೆ, ಏಕೆಂದರೆ ಜೊತೆಗಾರನ ತೂಕ ಒಂದು ಮಟ್ಟದಾಚೆ ಏರುವುದಿಲ್ಲ ಮತ್ತು ದಣಿದ ದೇಹ ಪೂರ್ಣ ಬಲದಿಂದ ಕೆಲಸ ಮಾಡುವುದಿಲ್ಲ.

ಆದ್ದರಿಂದ ನನ್ನ ಸಲಹೆ ವಾರಕ್ಕೆ ಎರಡು ದಿನ, ಒಂದೊಂದು ಸಲ ಮುಕ್ಕಾಲು ಗಂಟೆ. ಡೆಡ್‌ಲಿಫ್ಟ್ ಅಥವಾ ಸ್ಕ್ವಾಟ್‌ನಲ್ಲಿ ಒಂದು, ಒಂಟಿ ಕಾಲಿನ ವ್ಯಾಯಾಮ ಒಂದು, ಸೊಂಟಕ್ಕೆ ಭಾರ ಕಟ್ಟಿಕೊಂಡು ಪುಲ್-ಅಪ್ ಅಥವಾ ರೋ, ಜೊತೆಗೆ ತಳ್ಳುವ ವ್ಯಾಯಾಮ ಒಂದು. ಪ್ರತಿಯೊಂದರಲ್ಲೂ 3 ಸೆಟ್, ಸೆಟ್‌ಗೆ 3ರಿಂದ 5 ರೆಪ್ (ಪುನರಾವರ್ತನೆ). ಇನ್ನೂ ಎರಡು ರೆಪ್ ಸಾಧ್ಯವಿದೆ ಎನ್ನುವಾಗಲೇ ಬಾರ್ ಕೆಳಗಿಡಬೇಕು. ಸೆಟ್‌ಗಳ ನಡುವೆ 3 ನಿಮಿಷ ಕುಳಿತುಕೊಳ್ಳಿ. ಹುಡುಗರಿಗೆ ಈ ವಿಶ್ರಾಂತಿ ಸೋಮಾರಿತನದಂತೆ ಕಾಣುತ್ತದೆ, ಆದರೆ ಚಿಕ್ಕ ತೀವ್ರ ಯತ್ನಕ್ಕೆ ಇಂಧನವಾದ ಫಾಸ್ಫೋಕ್ರಿಯಾಟಿನ್ ಸ್ನಾಯುವಿನಲ್ಲಿ ಮತ್ತೆ ತುಂಬಿಕೊಳ್ಳಲು ಅಷ್ಟು ಹೊತ್ತು ಬೇಕು. ವಿಶ್ರಾಂತಿ ಕಡಿತ ಮಾಡಿದರೆ ಅದು ಬಲದ ತರಬೇತಿಯಾಗಿ ಉಳಿಯದೆ ಇನ್ನೊಂದು ಸ್ಪಾರಿಂಗ್ ಆಗಿಬಿಡುತ್ತದೆ.

ನಿಮ್ಮ ತೊಡೆನೋವಿಗೆ ಕಾರಣ ಭಾರ ಹೆಚ್ಚಾದದ್ದಲ್ಲ, ರೆಪ್ ಹೆಚ್ಚಾದದ್ದು ಎಂದು ನನಗನ್ನಿಸುತ್ತದೆ. ಬಿಟ್ಟು ಬಿಟ್ಟು ಜಿಮ್‌ಗೆ ಹೋಗಿ, ಹೋದ ದಿನ ಹತ್ತು ಹನ್ನೆರಡು ರೆಪ್‌ಗಳ ಸೆಟ್‌ಗಳನ್ನು ಸುಸ್ತಾಗುವ ತನಕ ಮಾಡಿದರೆ ಯಾರಿಗಾದರೂ ಎರಡು ದಿನ ನಡೆಯುವುದೂ ಕಷ್ಟವೇ. ಕಡಿಮೆ ರೆಪ್, ಹೆಚ್ಚು ಭಾರ ಮತ್ತು ತಪ್ಪದ ನಿಯಮಿತತೆ ಇದ್ದರೆ ಮೂರ್ನಾಲ್ಕು ವಾರಗಳಲ್ಲಿ ಈ ನೋವು ಬಹಳಷ್ಟು ಇಳಿಯುತ್ತದೆ.

ಇನ್ನು ದಿನದ ಆಯ್ಕೆ. ಭಾರದ ತರಬೇತಿಯನ್ನು ಹಗುರವಾದ ದಿನಕ್ಕೆ ಇಡಬೇಡಿ, ಕಠಿಣ ಸ್ಪಾರಿಂಗ್ ಇರುವ ದಿನಕ್ಕೇ ಇಡಿ. ಎರಡರ ನಡುವೆ ಸಾಧ್ಯವಾದರೆ ಆರು ಗಂಟೆಯ ಅಂತರವಿರಲಿ. ಕಷ್ಟದ ದಿನ ಪೂರ್ತಿ ಕಷ್ಟವಾಗಿದ್ದರೆ ಮಾತ್ರ ಹಗುರದ ದಿನ ನಿಜವಾಗಿಯೂ ಹಗುರವಾಗಿ ಉಳಿಯುತ್ತದೆ. ರಾಬರ್ಟ್ ಹಿಕ್ಸನ್ 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಲ ಮತ್ತು ಸಹನಶಕ್ತಿ ಎರಡನ್ನೂ ಒಟ್ಟಿಗೆ ತೀವ್ರವಾಗಿ ಮಾಡಿದ ಗುಂಪಿನವರ ಬಲ 10 ವಾರಗಳ ಕೊನೆಯ ಭಾಗದಲ್ಲಿ ಏರುವುದನ್ನು ನಿಲ್ಲಿಸಿ ಇಳಿಯತೊಡಗಿತ್ತು. ನಿಮ್ಮ ವಾರವೂ ಅಂಥದ್ದೇ, ಹಾಗಾಗಿ ಒಟ್ಟು ಹೊರೆಯ ಮೇಲೆ ಕಣ್ಣಿಡದೆ ವ್ಯಾಯಾಮಗಳ ಪಟ್ಟಿಯನ್ನಷ್ಟೇ ತಿದ್ದಿ ಪ್ರಯೋಜನವಿಲ್ಲ.

ಹಳೆಯ_ಗಿ

ಮಾಸ್ತರರ ಮಾತಿಗೆ ಗೌರವವಿದೆ, ಆದರೂ ಎದುರು ಪಕ್ಷದ ಮಾತನ್ನು ಯಾರಾದರೂ ಆಡಲೇಬೇಕು. ಮಾರ್ಸೆಲೊ ಗಾರ್ಸಿಯಾ ಎಡಿಸಿಸಿಯ 77 ಕಿಲೋ ವಿಭಾಗವನ್ನು 2003, 2005, 2007 ಮತ್ತು 2011ರಲ್ಲಿ ಗೆದ್ದವರು. ಗಿ ಧರಿಸಿ ಐದು ಸಲ ವಿಶ್ವ ಚಾಂಪಿಯನ್ ಆದವರು. ತಾವು ಭಾರ ಎತ್ತುವುದಿಲ್ಲ, ಮ್ಯಾಟಿನ ಮೇಲೆಯೇ ಎಲ್ಲವನ್ನೂ ಬೆಳೆಸಿಕೊಂಡೆ ಎಂಬುದು ಅವರ ಪ್ರಸಿದ್ಧ ನಿಲುವು. ತಮಗಿಂತ ಬಹಳ ತೂಕದವರನ್ನು ಅವರು ಬೆನ್ನು ಹತ್ತಿ ಕುತ್ತಿಗೆ ಹಿಡಿದದ್ದು ಡೆಡ್‌ಲಿಫ್ಟ್‌ನ ಬಲದಿಂದಲ್ಲ. ಕಂದು ಬೆಲ್ಟಿನವನಿಗೆ ಅರ್ಧ ಗಾರ್ಡ್‌ನಲ್ಲಿ ಜಾಗ ಸಿಗುತ್ತಿಲ್ಲ ಎಂದರೆ ನಾನು ಮೊದಲು ನೋಡುವುದು ಅವನ ಅಂಡರ್‌ಹುಕ್ (ಎದುರಾಳಿಯ ಕಂಕುಳಡಿ ತೂರಿಸುವ ತೋಳು) ಎಲ್ಲಿದೆ, ತಲೆ ಯಾವ ಬದಿಗಿದೆ ಎಂಬುದನ್ನು. ಎದುರಾಳಿ ಕತ್ತಿನ ಅಡಿಗೆ ಭುಜ ಒತ್ತುವ ಮೊದಲೇ ಮುಂಗೈ ಅಡ್ಡವಿದ್ದರೆ ಸರಿಸುವ ಪ್ರಶ್ನೆಯೇ ಬರುವುದಿಲ್ಲ. ವಾರಕ್ಕೆ ಎರಡು ದಿನ ಜಿಮ್‌ಗೆ ಕೊಡುವ ಹೊತ್ತನ್ನು ಈ ಒಂದು ಸ್ಥಿತಿಗೆ ಕೊಟ್ಟು ನೋಡಲಿ.

ಬಾರ್ಬೆಲ್_ಮಾಸ್ತರ

ಅಂಡರ್‌ಹುಕ್ ವಿಷಯದಲ್ಲಿ ನಿಮ್ಮ ಮಾತು ನೂರಕ್ಕೆ ನೂರು ಸರಿ, ಅದನ್ನು ಯಾವ ಬಾರ್ಬೆಲ್ಲೂ ಕಲಿಸುವುದಿಲ್ಲ. ಆದರೆ ಉದಾಹರಣೆಯಿಂದ ವಾದ ಗೆಲ್ಲುವುದಾದರೆ ನನ್ನ ಬಳಿಯೂ ಒಂದಿದೆ. ಗಾರ್ಡನ್ ರಯನ್ 2017ರಲ್ಲಿ ಎಡಿಸಿಸಿಯ 88 ಕಿಲೋ ವಿಭಾಗವನ್ನು ಗೆದ್ದರು. 2019ರಲ್ಲಿ 99 ಕಿಲೋ ವಿಭಾಗವನ್ನೂ ತೂಕದ ಮಿತಿಯಿಲ್ಲದ ವಿಭಾಗವನ್ನೂ ಗೆದ್ದರು. 2022ರಲ್ಲಿ 99ಕ್ಕೂ ಮೇಲಿನ ವಿಭಾಗದಲ್ಲಿ ಗೆದ್ದರು. ಜಿಮ್‌ಗೆ ಅವರು ಎಷ್ಟು ಮಹತ್ವ ಕೊಡುತ್ತಾರೆ ಎಂಬುದು ಗುಟ್ಟಲ್ಲ. ಇದರಿಂದ ಭಾರ ಎತ್ತಿದವರೆಲ್ಲ ಗೆಲ್ಲುತ್ತಾರೆ ಎಂದಾಗುವುದಿಲ್ಲ, ಗಾರ್ಸಿಯಾ ಅವರಿಂದ ಭಾರ ಬೇಡ ಎಂದೂ ಆಗುವುದಿಲ್ಲ. ಅಸಾಧಾರಣ ಪ್ರತಿಭೆಯವರು ಏನನ್ನು ಬಿಟ್ಟರೂ ಗೆಲ್ಲಬಲ್ಲರು. ತಂತ್ರದಲ್ಲಿ ಸರಿಸಮಾನರಾದ ಇಬ್ಬರು ಎದುರಾದಾಗ ಏನಾಗುತ್ತದೆ ಎಂಬುದೇ ವೃತ್ತಿಪರರ ಪ್ರಶ್ನೆ.

ಕೀಲು_ಕಾವಲು

ನಾನು ಫಿಸಿಯೋಥೆರಪಿಸ್ಟ್, ಚಿಕಿತ್ಸೆಗೆ ಬರುವವರಲ್ಲಿ ಗ್ರ್ಯಾಪ್ಲಿಂಗ್ ಆಡುವವರು ಬಹಳ ಮಂದಿ. ಬಲ ಹೆಚ್ಚಿದರೆ ಗೆಲುವು ಹೆಚ್ಚುತ್ತದೆಯೇ ಎಂಬ ವಾದವನ್ನು ನಿಮಗೆ ಬಿಟ್ಟುಕೊಡುತ್ತೇನೆ. ನನ್ನ ದೃಷ್ಟಿಯಲ್ಲಿ ಭಾರದ ತರಬೇತಿಯ ಮೊದಲ ಲಾಭ ಎಂದರೆ ವರ್ಷದಲ್ಲಿ ಹೆಚ್ಚು ದಿನ ಮ್ಯಾಟಿನ ಮೇಲಿರಲು ಸಾಧ್ಯವಾಗುವುದು.

ಐಬಿಜೆಜೆಎಫ್ 2021ರಿಂದ ನೋ-ಗಿ ಪಂದ್ಯಗಳಲ್ಲಿ ವಯಸ್ಕ ಕಂದು ಮತ್ತು ಕಪ್ಪು ಬೆಲ್ಟಿನವರಿಗೆ ಹೀಲ್ ಹುಕ್ (ಹಿಮ್ಮಡಿ ಹಿಡಿದು ಮೊಣಕಾಲು ತಿರುಚುವ ಪಟ್ಟು) ಹಾಕಲು ಅನುಮತಿ ಕೊಟ್ಟಿದೆ, ಎಡಿಸಿಸಿಯಲ್ಲಿ ಅದು ಮೊದಲಿನಿಂದಲೂ ಇದೆ. ಒಂದು ಮಾತು ಸ್ಪಷ್ಟವಾಗಿರಲಿ: ಪೂರ್ತಿ ಬಿಗಿದ ಹೀಲ್ ಹುಕ್‌ನಿಂದ ಮೊಣಕಾಲನ್ನು ಯಾವ ಸ್ಕ್ವಾಟ್ ಕೂಡ ಕಾಪಾಡುವುದಿಲ್ಲ. ಅಲ್ಲಿ ಕೀಲು ತಿರುಚಿಕೊಳ್ಳುತ್ತದೆ, ನೋವು ಗೊತ್ತಾಗುವ ಹೊತ್ತಿಗೆ ಅಸ್ಥಿರಜ್ಜುಗೆ ಪೆಟ್ಟು ಬಿದ್ದಾಗಿರುತ್ತದೆ. ಅದಕ್ಕಿರುವ ಮದ್ದು ಬೇಗ ಟ್ಯಾಪ್ ಮಾಡಿ ಸೋಲೊಪ್ಪುವುದೊಂದೇ. ಬಲದ ತರಬೇತಿ ಕಾಪಾಡುವುದು ಬೇರೆ ಜಾಗಗಳನ್ನು. ಗಾರ್ಡ್ ಆಡುವವರು ಹಿಮ್ಮಡಿಯಿಂದ ಎದುರಾಳಿಯನ್ನು ಎಳೆದುಕೊಳ್ಳುವಾಗ ತೊಡೆಯ ಹಿಂಭಾಗದ ಸ್ನಾಯುಗಳು ಮಡಿಸಿದ ಸ್ಥಿತಿಯಲ್ಲಿ ಬಿಗಿದು ಕೆಲಸ ಮಾಡುತ್ತಿರುತ್ತವೆ. ಎದುರಾಳಿ ಆ ಕಾಲನ್ನು ಹಟಾತ್ತಾಗಿ ನೇರ ಮಾಡಿದಾಗ ಹರಿಯುವುದು ಅವೇ. ಇದಕ್ಕೆ ನಾರ್ಡಿಕ್ ಮಾಡಿಸುತ್ತೇನೆ. ಮೊಣಕಾಲೂರಿ ನಿಂತು, ಜೊತೆಗಾರ ಹಿಮ್ಮಡಿಗಳನ್ನು ನೆಲಕ್ಕೆ ಅದುಮಿ ಹಿಡಿದಿರುವಾಗ, ಸೊಂಟ ಮಡಿಯದಂತೆ ಇಡೀ ಮುಂಡವನ್ನು ಮುಂದಕ್ಕೆ ನಿಧಾನವಾಗಿ ಬಿಡಬೇಕು; ಇನ್ನು ತಡೆಯಲಾಗದು ಎನ್ನುವಲ್ಲಿ ಅಂಗೈಗಳಿಂದ ನೆಲ ಹಿಡಿದು ಮೇಲೇಳಬೇಕು. ಬಲಿಷ್ಠರು ಕೂಡ ಮೊದಲ ದಿನ ಅರ್ಧ ದಾರಿಯಲ್ಲೇ ದೊಪ್ಪನೆ ಬೀಳುತ್ತಾರೆ. ಆದ್ದರಿಂದ 2 ಸೆಟ್, ಸೆಟ್‌ಗೆ 3 ಅಥವಾ 4 ರೆಪ್‌ನಿಂದ ಶುರು ಮಾಡಿದರೆ ಸಾಕು. ತೊಡೆಸಂದಿಗೆ ಕೋಪನ್‌ಹೇಗನ್ ಪ್ಲ್ಯಾಂಕ್, ಅಂದರೆ ಮೇಲಿನ ಕಾಲನ್ನು ಬೆಂಚಿನ ಮೇಲಿಟ್ಟು ಪಕ್ಕಕ್ಕೆ ಮೈ ಎತ್ತಿ ಹಿಡಿಯುವುದು, ಬಹಳ ಉಪಯುಕ್ತ. ಈ ಎರಡೂ ಫುಟ್‌ಬಾಲ್ ಆಟಗಾರರಲ್ಲಿ ಚೆನ್ನಾಗಿ ಪರೀಕ್ಷೆಯಾಗಿರುವ ವ್ಯಾಯಾಮಗಳು.

ಕುತ್ತಿಗೆಗೆ ನಾಲ್ಕೂ ದಿಕ್ಕಿನಲ್ಲಿ ಅಂಗೈ ಅಥವಾ ರಬ್ಬರ್ ಬ್ಯಾಂಡಿನ ವಿರುದ್ಧ ಕದಲದೆ ಒತ್ತಿ ಹಿಡಿಯುವ ಅಭ್ಯಾಸ ಸಾಕು. ತಲೆಯ ಮೇಲೆ ನಿಂತು ಹಿಂದೆ ಮುಂದೆ ಉರುಳುವ ಹಳೆಯ ಬ್ರಿಡ್ಜ್ ಎಲ್ಲರಿಗೂ ಹೊಂದುವಂಥದ್ದಲ್ಲ, ಕುತ್ತಿಗೆಯ ಡಿಸ್ಕ್ ತೊಂದರೆ ಇದ್ದವರಿಗಂತೂ ಬೇಡವೇ ಬೇಡ.

ಕಾಲರ್_ಹಿಡಿತ

ಹಿಡಿತದ ಬಗ್ಗೆ ಯಾರೂ ಮಾತನಾಡಲಿಲ್ಲ. ನಮ್ಮಲ್ಲಿ ಸ್ಪಾರಿಂಗ್ ಮುಗಿದ ಮೇಲೆ ಬಾರ್‌ಗೆ ಗಿ ಜಾಕೆಟ್ ನೇತುಹಾಕಿ, ಅದರ ತೋಳು ಹಿಡಿದು ಜೋತಾಡುತ್ತೇವೆ. ಆದರೂ ಸ್ಪರ್ಧೆಯ ಎರಡನೇ ಪಂದ್ಯದ ಹೊತ್ತಿಗೆ ಮುಂಗೈ ಕಲ್ಲಿನಂತಾಗಿ ಬೆರಳು ಮುಚ್ಚಲೂ ಆಗುವುದಿಲ್ಲ. ಇನ್ನೂ ಹೆಚ್ಚು ಮಾಡಬೇಕೇ?

ಬಾರ್ಬೆಲ್_ಮಾಸ್ತರ

ಹೆಚ್ಚು ಬೇಡ, ಬಹುಶಃ ಕಡಿಮೆಯೇ ಬೇಕು. ಸ್ನಾಯು ಕದಲದೆ ಬಿಗಿದಿರುವಾಗ ತನ್ನೊಳಗಿನ ರಕ್ತನಾಳಗಳನ್ನು ತಾನೇ ಹಿಂಡುತ್ತದೆ. ತನ್ನ ಗರಿಷ್ಠ ಬಲದ ಹೆಚ್ಚು ಪಾಲನ್ನು ಬಳಸಿದಷ್ಟೂ ಒಳಗೆ ಬರುವ ರಕ್ತ ಕಡಿಮೆ. ಕಾಲರ್ ಹಿಡಿಯಲು 20 ಕಿಲೋದಷ್ಟು ಬಲ ಬೇಕು ಎಂದುಕೊಳ್ಳಿ. ಗರಿಷ್ಠ ಹಿಡಿತ 40 ಕಿಲೋ ಇರುವವರು ಅರ್ಧ ಬಲವನ್ನು ಸುರಿಯುತ್ತಾರೆ, 50 ಇರುವವರಿಗೆ ಐದರಲ್ಲಿ ಎರಡು ಪಾಲು ಸಾಕು. ಅವರ ಮುಂಗೈಗೆ ಅಷ್ಟು ಹೆಚ್ಚು ರಕ್ತ ಹರಿಯುತ್ತದೆ. ಹಾಗಾಗಿ ದಣಿದ ಬೆರಳುಗಳಿಂದ ಜೋತಾಡುವುದಕ್ಕಿಂತ, ದಣಿಯದ ದಿನ ಕೆಲವೇ ಸೆಕೆಂಡುಗಳ ಭಾರವಾದ ಹಿಡಿತವನ್ನು ಪೂರ್ಣ ವಿಶ್ರಾಂತಿಯೊಂದಿಗೆ ಮಾಡುವುದು ಮೇಲು. ದಪ್ಪ ಹಿಡಿಕೆಯ ಡಂಬೆಲ್ ಎತ್ತಿ ನಡೆಯುವುದು ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಬೆರಳ ಗೆಣ್ಣುಗಳು ಊದಿರುವ ವಾರದಲ್ಲಿ ಡೆಡ್‌ಲಿಫ್ಟ್‌ಗೆ ಸ್ಟ್ರ್ಯಾಪ್ ಕಟ್ಟಿಕೊಳ್ಳಲು ನಾಚಿಕೆ ಬೇಡ. ಅಲ್ಲಿ ತರಬೇತಿ ಆಗಬೇಕಾದದ್ದು ಸೊಂಟಕ್ಕೆ.

ಹಳೆಯ_ಗಿ

ಹಿಡಿತ ಬಿಡುವುದನ್ನೂ ಕಲಿಯಬೇಕು ಎಂದು ಸೇರಿಸುತ್ತೇನೆ. ಪ್ರಯೋಜನಕ್ಕೆ ಬಾರದ ಕಾಲರನ್ನು ಪಂದ್ಯದುದ್ದಕ್ಕೂ ಹಿಡಿದುಕೊಂಡೇ ಇರುವವರ ಮುಂಗೈಗೆ ಯಾವ ತರಬೇತಿಯೂ ಸಾಲದು.

ಸರ್ಕಿಟ್_ಪ್ರೇಮಿ

ನಮ್ಮ ತಂಡದಲ್ಲಿ ಸ್ಪರ್ಧೆಗೆ ಆರು ವಾರ ಮೊದಲು ಸರ್ಕಿಟ್ ಶುರುವಾಗುತ್ತದೆ: ಬರ್ಪಿ, ಹಗ್ಗ ಬಡಿಯುವುದು, ಸ್ಲೆಡ್ ತಳ್ಳುವುದು, ವಾಂತಿ ಬರುವ ತನಕ. ಮನೋಬಲಕ್ಕೆ ಇದು ಬೇಕು ಎನ್ನುತ್ತಾರೆ. ಜಿಯು ಜಿಟ್ಸು ಚಲನೆಗಳನ್ನೇ ರಬ್ಬರ್ ಬ್ಯಾಂಡ್ ಕಟ್ಟಿಕೊಂಡು ಮಾಡುವುದೂ ಇದೆ. ಇವುಗಳ ಬಗ್ಗೆ ತಮ್ಮ ಅಭಿಪ್ರಾಯವೇನು?

ಬಾರ್ಬೆಲ್_ಮಾಸ್ತರ

ಬ್ಯಾಂಡ್ ಕಟ್ಟಿಕೊಂಡು ಆರ್ಮ್‌ಬಾರ್ (ಎದುರಾಳಿಯ ಮೊಣಕೈಯನ್ನು ಹಿಂದಕ್ಕೆ ಬಾಗಿಸುವ ಪಟ್ಟು) ಮಾಡುವುದರಿಂದ ಬಲವೂ ಹೆಚ್ಚುವುದಿಲ್ಲ, ತಂತ್ರವೂ ಸುಧಾರಿಸುವುದಿಲ್ಲ. ಬ್ಯಾಂಡ್ ಎಳೆಯುವ ದಿಕ್ಕು ಬೇರೆ, ಮನುಷ್ಯ ತಡೆಯುವ ದಿಕ್ಕು ಬೇರೆ. ತಂತ್ರವನ್ನು ಮನುಷ್ಯರೊಡನೆ ಮಾಡಿ, ಬಲವನ್ನು ಕಬ್ಬಿಣದೊಡನೆ ಬೆಳೆಸಿ.

ಸರ್ಕಿಟ್ ಬಗ್ಗೆ ನನ್ನ ಆಕ್ಷೇಪ ಇನ್ನೂ ದೊಡ್ಡದು. ಕಠಿಣ ಸ್ಪಾರಿಂಗ್ ಈಗಾಗಲೇ ನಿಮ್ಮನ್ನು ಆ ತೀವ್ರತೆಯಲ್ಲಿ ವಾರಕ್ಕೆ ಹಲವು ಸಲ ದುಡಿಸುತ್ತಿದೆ, ಅದರ ಮೇಲೆ ಅದನ್ನೇ ಮತ್ತೆ ಹೇರಿದರೆ ಸಿಗುವುದು ಗಾಯ ಮತ್ತು ನಿದ್ರೆಗೇಡು. ಹೆಚ್ಚಿನ ತಂಡಗಳಲ್ಲಿ ಕಾಣದೆ ಇರುವುದು ಹಗುರ ಏರೋಬಿಕ್ ಕೆಲಸ: ಮೂವತ್ತರಿಂದ ನಲವತ್ತೈದು ನಿಮಿಷ, ಪೂರ್ತಿ ವಾಕ್ಯದಲ್ಲಿ ಮಾತನಾಡಲು ಆಗುವಷ್ಟೇ ವೇಗದಲ್ಲಿ ಸೈಕಲ್ ತುಳಿಯುವುದು ಅಥವಾ ಈಜುವುದು. ಜೋರಾದ ಯತ್ನದ ಬಳಿಕ ಫಾಸ್ಫೋಕ್ರಿಯಾಟಿನ್ ಮತ್ತೆ ತುಂಬಿಕೊಳ್ಳಲು ಬೇಕಾದ ಶಕ್ತಿ ಬರುವುದು ಆಮ್ಲಜನಕ ಬಳಸುವ ಈ ವ್ಯವಸ್ಥೆಯಿಂದಲೇ. ಐಬಿಜೆಜೆಎಫ್ ಸ್ಪರ್ಧೆಯಲ್ಲಿ ಎರಡು ಪಂದ್ಯಗಳ ನಡುವೆ ನಿಯಮ ಖಾತರಿಪಡಿಸುವ ವಿಶ್ರಾಂತಿ ಸಾಮಾನ್ಯವಾಗಿ ಒಂದು ಪಂದ್ಯದ ಅವಧಿಯಷ್ಟೇ. ಒಂದೇ ದಿನ ನಾಲ್ಕೈದು ಪಂದ್ಯ ಆಡಿ, ಮೇಲೆ ಮುಕ್ತ ತೂಕದ ವಿಭಾಗಕ್ಕೂ ಇಳಿಯುವವರು ಆ ಕೆಲವು ನಿಮಿಷಗಳಲ್ಲಿ ಎಷ್ಟು ಚೇತರಿಸಿಕೊಳ್ಳುತ್ತಾರೆ ಎಂಬುದರ ಮೇಲೆ ಪದಕದ ಬಣ್ಣ ನಿಂತಿದೆ. ಮನೋಬಲ ಬೇಕಾದರೆ ಕೆಟ್ಟ ಸ್ಥಿತಿಯಿಂದ ಶುರುವಾಗುವ ಸ್ಪಾರಿಂಗ್ ಮಾಡಿಸಿ: ಬೆನ್ನು ಕೊಟ್ಟು, ಎರಡು ಅಂಕ ಹಿಂದೆ ಬಿದ್ದು, ಕೊನೆಯ ಎರಡು ನಿಮಿಷ.

ಹಗುರ_ವಿಭಾಗ

ನಾನು ಮಹಿಳೆಯರ 64 ಕಿಲೋ ವಿಭಾಗದಲ್ಲಿ ಸ್ಪರ್ಧಿಸುತ್ತೇನೆ. ಬಲದ ಚರ್ಚೆಯಲ್ಲಿ ತೂಕದ ಮಾತು ಬಾರದಿದ್ದರೆ ಅದು ಅರ್ಧ ಚರ್ಚೆ. ಐಬಿಜೆಜೆಎಫ್‌ನಲ್ಲಿ ತೂಕ ನೋಡುವುದು ಮೊದಲ ಪಂದ್ಯಕ್ಕೆ ಸ್ವಲ್ಪವೇ ಮುಂಚೆ, ಗಿ ಧರಿಸಿದಂತೆಯೇ. ಹಿಂದಿನ ದಿನ ತೂಕ ನೋಡುವ ಕ್ರೀಡೆಗಳವರು ಬೆವರು ಹರಿಸಿ ಕಿಲೋಗಟ್ಟಲೆ ಇಳಿಸಿ, ರಾತ್ರಿಯೆಲ್ಲ ನೀರು ಕುಡಿದು ಏರಿಸಿಕೊಳ್ಳುವುದನ್ನು ಇಲ್ಲಿ ನಕಲು ಮಾಡಿದರೆ, ಒಣಗಿದ ದೇಹದಲ್ಲೇ ಪಂದ್ಯಕ್ಕೆ ಇಳಿಯಬೇಕಾಗುತ್ತದೆ. ಗಿಯ ತೂಕವನ್ನೂ ಕಳೆದು ಲೆಕ್ಕ ಹಾಕಿದರೆ ದೇಹಕ್ಕೆ ಉಳಿಯುವ ಮಿತಿ ಇನ್ನೂ ಕಡಿಮೆ.

ಆದ್ದರಿಂದ ಬಲ ಬೆಳೆಸುವಾಗ ಯಾವ ವಿಭಾಗಕ್ಕೆ ಬೆಳೆಯುತ್ತಿದ್ದೇವೆ ಎಂಬುದು ಗೊತ್ತಿರಬೇಕು. ಕಡಿಮೆ ರೆಪ್‌ಗಳ ಭಾರದ ತರಬೇತಿ ನರಗಳ ಹೊಂದಾಣಿಕೆಯಿಂದಲೇ ಸಾಕಷ್ಟು ಬಲ ಕೊಡುತ್ತದೆ, ಮೈ ಅಷ್ಟಾಗಿ ಬೆಳೆಯುವುದಿಲ್ಲ. ಕ್ರಿಯಾಟಿನ್ ದಿನಕ್ಕೆ 3ರಿಂದ 5 ಗ್ರಾಂ ಕೆಲಸ ಮಾಡುತ್ತದೆ, ಆದರೆ ಸ್ನಾಯುಗಳಲ್ಲಿ ನೀರು ಹಿಡಿದು ಒಂದೆರಡು ಕಿಲೋ ಏರಿಸಬಹುದು. ವಿಭಾಗದ ಅಂಚಿನಲ್ಲಿರುವವರು ಅದನ್ನು ಸ್ಪರ್ಧೆಯ ಹಿಂದಿನ ವಾರ ಶುರು ಮಾಡಬಾರದು. ಪ್ರೋಟೀನ್ ದೇಹದ ತೂಕದ ಕಿಲೋಗೆ 1.6ರಿಂದ 2.2 ಗ್ರಾಂ ಇದ್ದರೆ ಸಾಕು.

ಮಹಿಳಾ ಸ್ಪರ್ಧಿಗಳಿಗೆ ಒಂದು ಮಾತು. ತಿಂಗಳ ಮುಟ್ಟು ನಿಂತರೆ ಅದನ್ನು ಚೆನ್ನಾಗಿ ತರಬೇತಿ ನಡೆಯುತ್ತಿರುವ ಲಕ್ಷಣ ಎಂದು ಹೇಳುವವರನ್ನು ನಂಬಬೇಡಿ. ದುಡಿಮೆಗೆ ತಕ್ಕ ಊಟವಿಲ್ಲದೆ ದೇಹ ಒಂದೊಂದೇ ಕೆಲಸವನ್ನು ನಿಲ್ಲಿಸುತ್ತಿದೆ ಎಂಬುದರ ಸೂಚನೆ ಅದು, ಮೂಳೆಗಳೂ ಅದರ ಬೆಲೆ ತೆರುತ್ತವೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಈ ಸ್ಥಿತಿಯ ಬಗ್ಗೆ ಎಚ್ಚರಿಸಿದೆ, ಅದು ಪುರುಷರಿಗೂ ಬರುತ್ತದೆ. ವೈದ್ಯರನ್ನು ಕಾಣಿ.

ಕೊನೆಯದಾಗಿ, ಡಬ್ಬಿಯ ಮೇಲೆ ಬರೆದಿಲ್ಲದ ನಿಷೇಧಿತ ವಸ್ತು ನಿಮ್ಮ ಪುಡಿಯಲ್ಲಿದ್ದರೂ ಹೊಣೆ ನಿಮ್ಮದೇ. ಐಬಿಜೆಜೆಎಫ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅಮೆರಿಕದ ಉದ್ದೀಪನ ಮದ್ದು ತಡೆ ಸಂಸ್ಥೆ ಯುಸಾಡಾ ಮೂಲಕ ಪರೀಕ್ಷೆ 2013ರಿಂದ ಇದೆ. ಸ್ವತಂತ್ರ ಪ್ರಯೋಗಾಲಯ ಪರೀಕ್ಷಿಸಿ ಮುದ್ರೆ ಹಾಕಿದ ಪೂರಕಗಳನ್ನಷ್ಟೇ ಕೊಳ್ಳಿ.

ಅರ್ಧಗಾರ್ಡ್

ಎಲ್ಲರಿಗೂ ಧನ್ಯವಾದಗಳು. ಇನ್ನೆರಡು ಸಂದೇಹಗಳು. ನಮ್ಮ ಕ್ರೀಡೆಯಲ್ಲಿ ಋತು ಎಂಬುದೇ ಇಲ್ಲ, ಸ್ಪರ್ಧೆಗಳು ವರ್ಷವಿಡೀ ಬರುತ್ತಲೇ ಇರುತ್ತವೆ. ಪ್ರತಿಯೊಂದಕ್ಕೂ ಭಾರ ಇಳಿಸುತ್ತ ಹೋದರೆ ಏರಿಸುವುದು ಯಾವಾಗ? ಮತ್ತೆ, ಒಟ್ಟು ಹೊರೆಯ ಮೇಲೆ ಕಣ್ಣಿಡಿ ಎಂದಿರಿ. ಅದನ್ನು ಅಳೆಯುವುದು ಹೇಗೆ?

ಬಾರ್ಬೆಲ್_ಮಾಸ್ತರ

ಅಳತೆ ಸುಲಭ. ಪ್ರತಿ ತರಬೇತಿ ಮುಗಿದ ಸ್ವಲ್ಪ ಹೊತ್ತಿಗೆ, ಅದು ಎಷ್ಟು ಕಷ್ಟವಾಯಿತು ಎಂಬುದಕ್ಕೆ ಹತ್ತರಲ್ಲಿ ಅಂಕ ಕೊಟ್ಟು ಅದನ್ನು ನಿಮಿಷಗಳಿಂದ ಗುಣಿಸಿ. 90 ನಿಮಿಷದ ಸ್ಪಾರಿಂಗ್‌ಗೆ 7 ಕೊಟ್ಟರೆ 630. 45 ನಿಮಿಷದ ಭಾರದ ತರಬೇತಿಗೆ 6 ಕೊಟ್ಟರೆ 270. ವಾರದ ಮೊತ್ತ ಹಟಾತ್ತಾಗಿ ಜಿಗಿದಿದ್ದರೆ, ಅದೇ ವಾರ ನಿದ್ರೆಯೂ ಕೆಟ್ಟಿದ್ದರೆ, ಏನನ್ನಾದರೂ ಬಿಡಬೇಕು. ಈ ಲೆಕ್ಕ ಬರೆದಿಟ್ಟವರಿಗೆ ಮೊದಲು ಕಣ್ಣಿಗೆ ಬೀಳುವುದು, ಭಾರದ ತರಬೇತಿ ಒಟ್ಟು ಹೊರೆಯಲ್ಲಿ ಎಷ್ಟು ಚಿಕ್ಕ ಪಾಲು ಎಂಬುದು. ದಣಿವಿನ ಅಪವಾದ ಮಾತ್ರ ಯಾವಾಗಲೂ ಅದರ ತಲೆಗೇ ಬರುತ್ತದೆ.

ಸ್ಪರ್ಧೆಗಳಲ್ಲಿ ವರ್ಷಕ್ಕೆ ಎರಡು ಮೂರನ್ನು ಮಾತ್ರ ಮುಖ್ಯವೆಂದು ಗುರುತಿಸಿ. ಉಳಿದವು ತರಬೇತಿಯ ಭಾಗ. ಅವುಗಳಿಗೆ ಎರಡು ಮೂರು ದಿನ ಹಗುರ ಮಾಡಿದರೆ ಸಾಕು. ಮುಖ್ಯ ಸ್ಪರ್ಧೆಗೆ ಸುಮಾರು ಹನ್ನೆರಡು ವಾರ ಮುಂಚೆ ಬಲವನ್ನು ಏರಿಸುತ್ತ ಬನ್ನಿ. ಸ್ಪರ್ಧೆಯ ಸ್ಪಾರಿಂಗ್ ತೀವ್ರವಾಗುವ ಕೊನೆಯ ಐದಾರು ವಾರ ಭಾರದ ದಿನಗಳನ್ನು ವಾರಕ್ಕೆ ಒಂದಕ್ಕೆ ಇಳಿಸಬಹುದು: ಬಾರ್ ಮೇಲಿನ ಭಾರ ಅಷ್ಟೇ ಇದ್ದರೆ, ಸೆಟ್‌ಗಳು ಕಡಿಮೆಯಾದರೂ ಗಳಿಸಿದ ಬಲ ವಾರಗಟ್ಟಲೆ ಉಳಿಯುತ್ತದೆ. ಕೊನೆಯ ಎರಡು ವಾರಗಳಲ್ಲಿ ಮ್ಯಾಟು, ಜಿಮ್ಮು ಎರಡರ ಒಟ್ಟು ಪ್ರಮಾಣವನ್ನೂ ಅರ್ಧದಷ್ಟು ಇಳಿಸಿ, ಆದರೆ ತೀವ್ರತೆಯನ್ನು ಇಳಿಸಬೇಡಿ. ಕೊನೆಯ ಭಾರವಾದ ಡೆಡ್‌ಲಿಫ್ಟ್ ಸ್ಪರ್ಧೆಗೆ ಸುಮಾರು ಒಂದು ವಾರ ಮೊದಲೇ ಮುಗಿದಿರಲಿ. ಆಮೇಲೆ ಬೇಕೆಂದರೆ ಒಂದೆರಡು ಸೆಟ್ ಜಿಗಿತ, ಮೆಡಿಸಿನ್ ಬಾಲ್ ಎಸೆತ, ಅಷ್ಟೇ.

ಹಳೆಯ_ಗಿ

ಒಂದು ನೇರ ಪ್ರಶ್ನೆ, ಮಾಸ್ತರರೇ. ಇವರು ದಣಿದಿದ್ದಾರೆ, ಸಂಜೆ ಒಂದನ್ನು ಮಾತ್ರ ಮಾಡಬಹುದು. ಮ್ಯಾಟೋ, ಬಾರ್ಬೆಲ್ಲೋ?

ಬಾರ್ಬೆಲ್_ಮಾಸ್ತರ

ಮ್ಯಾಟ್. ಅನುಮಾನವೇ ಇಲ್ಲ. ಆದರೆ ಆ ಸಂಜೆಗಳು ವಾರ ವಾರವೂ ಬರುತ್ತಿದ್ದರೆ ವೇಳಾಪಟ್ಟಿಯನ್ನೇ ಬದಲಿಸಬೇಕು.

ಹಳೆಯ_ಗಿ

ಇಷ್ಟಾದರೆ ನಮ್ಮಿಬ್ಬರ ಜಗಳ ಅರ್ಧ ಮುಗಿಯಿತು. ಉಳಿದರ್ಧ ಇರಲಿ.

ಅರ್ಧಗಾರ್ಡ್

ಹಾಗಾದರೆ ನಾನು ಹೀಗೆ ಯೋಚಿಸಿದ್ದೇನೆ. ಸೋಮವಾರ ಬೆಳಿಗ್ಗೆ ಕಠಿಣ ಸ್ಪಾರಿಂಗ್, ಸಂಜೆ ಡೆಡ್‌ಲಿಫ್ಟ್, ಪುಲ್-ಅಪ್ ಮತ್ತು ಕುತ್ತಿಗೆಯ ಅಭ್ಯಾಸ. ಮಂಗಳವಾರ ಡ್ರಿಲ್ ಮತ್ತು ಹಗುರವಾಗಿ ಸೈಕಲ್. ಬುಧವಾರ ಎರಡೂ ಹೊತ್ತು ಮ್ಯಾಟ್. ಗುರುವಾರ ಸ್ಪಾರಿಂಗ್ ಆದ ಬಳಿಕ ಒಂಟಿ ಕಾಲಿನ ಸ್ಕ್ವಾಟ್, ರೋ ಮತ್ತು ಪ್ರೆಸ್. ಶುಕ್ರವಾರ ಡ್ರಿಲ್ ಮಾತ್ರ, ಅದರ ಕೊನೆಗೆ ನಾರ್ಡಿಕ್ ಮತ್ತು ಕೋಪನ್‌ಹೇಗನ್. ಶನಿವಾರ ಪೂರ್ಣ ಅವಧಿಯ ಪಂದ್ಯಗಳಂತೆ ಸ್ಪಾರಿಂಗ್, ಭಾನುವಾರ ರಜೆ. ಅಂಡರ್‌ಹುಕ್‌ಗೆ ಬುಧವಾರ ಬೆಳಗನ್ನು ಮೀಸಲಿಡುತ್ತೇನೆ.

ಕೀಲು_ಕಾವಲು

ಒಂದೇ ತಿದ್ದುಪಡಿ. ನಾರ್ಡಿಕ್ ಶುಕ್ರವಾರ ಬೇಡ. ಅದರ ಬಿಗಿತ ಮರುದಿನದಿಂದ ಶುರುವಾಗಿ ಎರಡನೇ ದಿನ ಜೋರಾಗುತ್ತದೆ, ವಾರದ ಅತಿ ಕಠಿಣ ಸ್ಪಾರಿಂಗ್‌ಗೆ ಬಿಗಿದ ತೊಡೆಗಳಿಂದ ಇಳಿಯುವುದು ಅಪಾಯ. ಸೋಮವಾರ ಡೆಡ್‌ಲಿಫ್ಟ್ ಆದ ಕೂಡಲೇ ಮಾಡಿ ಮುಗಿಸಿ. ಮಂಗಳವಾರ ಹೇಗೂ ಹಗುರವಿದೆ. ಬುಧವಾರ ಕಾಲು ಇನ್ನೂ ಬಿಗಿಯಾಗಿದ್ದರೆ ಆ ಬೆಳಿಗ್ಗೆ ಅಂಡರ್‌ಹುಕ್ ಅಭ್ಯಾಸವನ್ನಷ್ಟೇ ಇಟ್ಟುಕೊಳ್ಳಿ. ಕೋಪನ್‌ಹೇಗನ್ ಗುರುವಾರಕ್ಕೆ ಹೋಗಲಿ. ಮೊದಲ ಎರಡು ವಾರ ಒಂದೊಂದೇ ಸೆಟ್ ಸಾಕು.